ಅನಿಮಿಷಯ್ಯನ ಗುಡಿಯ ಪ್ರಸಂಗ

ಅನಿಮಿಷಯ್ಯನ ಗುಡಿಯ ಪ್ರಸಂಗವು ಹರಿಹರ ಕವಿಯ 'ಪ್ರಭುದೇವರ ರಗಳೆ'ಯಲ್ಲಿ ಬರುವ ಒಂದು ಕಥಾಭಾಗ. ಬಳ್ಳಿಗಾವೆಯ ಮದ್ದಳೆಗಾರನಾದ ತರುಣ ಅಲ್ಲಮನು ಪತ್ನಿಯ ಸಾವಿನಿಂದ ಬುದ್ಧಿ ಕದಡಿ ಅಲೆಯುತ್ತಿರುವಾಗ, ನೆಲದಲ್ಲಿ ಹೂತುಹೋಗಿದ್ದ ಗುಡಿಯೊಂದು ಅವನ ಕಣ್ಣಿಗೆ ಬೀಳುತ್ತದೆ. ಅವನು ಅದರೊಳಕ್ಕೆ ಇಳಿಯುತ್ತಾನೆ. ಅಲ್ಲಿ ಕುಳಿತಿದ್ದ ಅನಿಮಿಷಯ್ಯನೆಂಬ ಯೋಗಿ ತನ್ನ ಕೈಯ ಲಿಂಗವನ್ನು ಅವನಿಗೆ ಕೊಡುತ್ತಾನೆ. ಕೊಟ್ಟ ಕ್ಷಣದಲ್ಲಿಯೇ ಯೋಗಿಯ ಪ್ರಾಣ ಹೋಗುತ್ತದೆ. ಮದ್ದಳೆಗಾರ ಅಲ್ಲಮನು ಅಲ್ಲಮಪ್ರಭುವಾದದ್ದು ಈ ಘಟನೆಯಿಂದ ಎಂಬುದು ಹರಿಹರನ ನಿರೂಪಣೆ.

ಭೂಮಿಯ ಆಳಕ್ಕೆ ಇಳಿದು ಜೀವದ ಬೆಲೆಯ ವಸ್ತುವೊಂದನ್ನು ಪಡೆಯುವ ತರುಣರ ಕಥೆಗಳು ಜಗತ್ತಿನ ಅನೇಕ ಭಾಷೆಗಳಲ್ಲಿವೆ. ಉಪನಿಷತ್ತು, ಮಹಾಭಾರತಗಳಿಂದ ಮೊದಲಾಗಿ ಇತ್ತೀಚಿನ ಜಪಾನೀ ಅನಿಮೆ ಸರಣಿಗಳವರೆಗೆ ಈ ಕಥಾಬಂಧವು ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಅದರ ಅತ್ಯಂತ ಬಿಗಿಯಾದ ರೂಪ ಈ ಪ್ರಸಂಗದಲ್ಲಿದೆ.

ಸ್ಥಳ

ಕಥೆ ನಡೆಯುವುದು ಬಳ್ಳಿಗಾವೆಯಲ್ಲಿ. ಇಂದು ಬಳ್ಳಿಗಾವಿ ಎಂದು ಕರೆಯಲಾಗುವ ಈ ಊರು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪಕ್ಕೆ ಸಮೀಪದಲ್ಲಿದೆ. ಪಶ್ಚಿಮಕ್ಕೆ ಸೊರಬ ತಾಲ್ಲೂಕು. ಅದನ್ನು ದಾಟಿದರೆ ವರದಾ ನದಿಯ ದಡದ ಬನವಾಸಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬಳ್ಳಿಗಾವೆಯು ಬನವಾಸಿ ಪನ್ನಿರ್ಚ್ಛಾಸಿರದ ಆಡಳಿತ ಕೇಂದ್ರವಾಗಿತ್ತು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳು ಇಂದಿಗೂ ಉಳಿದಿವೆ. 1047ರ ಭೇರುಂಡೇಶ್ವರ ಸ್ತಂಭವೂ ಇದೆ. ಇಲ್ಲಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ.

ಊರಿನ ಕೋಡಿಯ ಮಠವು ಕಾಳಾಮುಖ ಶೈವರ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಬಿಜ್ಜಳನ ಕಾಲದ 1162ರ ಶಾಸನವೊಂದು ಅಲ್ಲಿ ವೇದ, ವ್ಯಾಕರಣ, ದರ್ಶನಗಳು, ಲಾಕುಲ ಸಿದ್ಧಾಂತ, ಯೋಗಶಾಸ್ತ್ರ, ಕಾವ್ಯ ಹಾಗೂ ನಾಟಕಗಳ ಅಧ್ಯಯನ ನಡೆಯುತ್ತಿದ್ದುದನ್ನು ಹೇಳುತ್ತದೆ. ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು ಸೇರಿಸುತ್ತದೆ. ಅಲ್ಲಮನ ಕಾಲವೂ ಅದೇ 12ನೆಯ ಶತಮಾನ. ದೇವಾಲಯ, ಮಠ, ನರ್ತಕಿಯರು, ವಾದ್ಯಗಾರರು, ವಿದ್ವಾಂಸರು ಒಂದೆಡೆ ಸೇರಿದ್ದ ಆ ಊರಿನಲ್ಲಿ ಗುಡಿಯ ಮದ್ದಳೆಗಾರನೊಬ್ಬ ಕಥಾನಾಯಕನಾದದ್ದು ಸಹಜ.

ಇಲ್ಲಿ ಓದುಗರು ಒಂದು ತಪ್ಪು ಕಲ್ಪನೆಗೆ ಒಳಗಾಗುವ ಸಂಭವವಿದೆ. ಇಂದು ಬಳ್ಳಿಗಾವಿಗೆ ಹೋದವರಿಗೆ ಹಳೆಯ ರಾಜಧಾನಿಯ ಅವಶೇಷಗಳು ಕಾಣಿಸುತ್ತವೆ. ಹೊಲ ಉಳುವಾಗ ವೀರಗಲ್ಲು, ಮಾಸ್ತಿಗಲ್ಲು, ಕಂಬದ ತುಂಡುಗಳು ಸಿಕ್ಕುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಆದ್ದರಿಂದ ಹೂತ ಗುಡಿಯ ಕಥೆಯು ಹಾಳೂರಿನ ಕಥೆ ಎನಿಸುವುದುಂಟು. ಹರಿಹರನಿದ್ದದ್ದು 12ನೆಯ ಶತಮಾನದ ಕೊನೆ ಮತ್ತು 13ನೆಯ ಶತಮಾನದ ಆರಂಭದಲ್ಲಿ. ಅವನ ಕಥೆಯ ಬಳ್ಳಿಗಾವೆಯು ತುಂಬಿ ತುಳುಕುವ ಊರು. ಆ ಊರಿನ ಅಂಚಿನ ತೋಟದ ಕೆಳಗೆ, ಊರಿಗೆ ತಿಳಿಯದ ಮತ್ತೊಂದು ಗುಡಿಯನ್ನು ಅವನು ಕಲ್ಪಿಸುತ್ತಾನೆ. ಮೇಲೆ ಗಂಟೆ, ಮದ್ದಳೆ, ಜಾತ್ರೆ, ಕೆಳಗೆ ಮೌನ.

ಹರಿಹರನ ಕಥೆ

ಹರಿಹರನು ಹಂಪೆಯ ಕವಿ. 'ಗಿರಿಜಾಕಲ್ಯಾಣ'ವೆಂಬ ಚಂಪೂಕಾವ್ಯದ ಜೊತೆಗೆ ಶಿವಶರಣರ ಚರಿತ್ರೆಗಳನ್ನು ರಗಳೆಗಳಾಗಿ ಬರೆದವನು. 'ಪ್ರಭುದೇವರ ರಗಳೆ' ಅವುಗಳಲ್ಲೊಂದು. ಅಲ್ಲಮನ ಜೀವನವನ್ನು ಹೇಳುವ ಕಾವ್ಯಗಳಲ್ಲಿ ಇದು ಅತ್ಯಂತ ಹಳೆಯದು.

ಇದರಲ್ಲಿ ಅಲ್ಲಮನು ಕೈಲಾಸದ ಗಣವೊಂದರ ಅವತಾರ. ಕೈಲಾಸದಲ್ಲಿ ಹೆಣ್ಣೊಬ್ಬಳಲ್ಲಿ ಮನಸ್ಸಿಟ್ಟ ಕಾರಣದಿಂದ ಇಬ್ಬರೂ ಭೂಮಿಗೆ ಬರಬೇಕಾಗುತ್ತದೆ. ಭೂಮಿಯಲ್ಲಿ ಅವನು ಬಳ್ಳಿಗಾವೆಯ ನಾಗವಾಸಾಧಿಪತಿಯ, ಅಂದರೆ ದೇವಾಲಯದ ನೃತ್ಯವಾದ್ಯಗಳ ಪರಿವಾರದ ಮುಖ್ಯಸ್ಥನ, ಮಗನಾಗಿ ಹುಟ್ಟಿ ಮದ್ದಳೆಯಲ್ಲಿ ಪ್ರವೀಣನಾಗುತ್ತಾನೆ. ಕಮಲತೆಯೆಂಬ ಕನ್ಯೆಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಇಬ್ಬರ ಸುಖ ಹೆಚ್ಚು ಕಾಲ ನಡೆಯುವುದಿಲ್ಲ. ಕಮಲತೆಗೆ ಇದ್ದಕ್ಕಿದ್ದಂತೆ ಜ್ವರ ಬರುತ್ತದೆ, ಅವಳು ತೀರಿಹೋಗುತ್ತಾಳೆ.

ಮುಂದಿನದನ್ನು ಹರಿಹರನು ಅವಸರವಿಲ್ಲದೆ ಹೇಳುತ್ತಾನೆ. ಅಲ್ಲಮನಿಗೆ ನೆನಪು ಮಾಸುತ್ತದೆ, ಮೈ ಜಡವಾಗುತ್ತದೆ. ಸತ್ತವಳ ಹೆಸರು ಹಿಡಿದು ಕೂಗುತ್ತ ಹುಚ್ಚನಂತೆ ತಿರುಗುತ್ತಾನೆ. ಜನರ ಸುಳಿವಿಲ್ಲದ ತೋಪೊಂದರಲ್ಲಿ ತಲೆ ತಗ್ಗಿಸಿ ಕುಳಿತು, ಏನೂ ತೋಚದೆ ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಮಣ್ಣಿನಿಂದ ಹೊನ್ನಿನ ಕಳಶದ ತುದಿ ಮೂಡಿ ಕಾಣುತ್ತದೆ. ಕವಿ ಅದನ್ನು ಮುಕ್ತಿಯೆಂಬ ಹೆಣ್ಣಿನ ಸ್ತನಾಗ್ರಕ್ಕೆ ಹೋಲಿಸುತ್ತಾನೆ. ಶಿವಕವಿಯೊಬ್ಬ ಈ ಸಂದರ್ಭದಲ್ಲಿ ಇಂತಹ ಹೋಲಿಕೆ ತಂದದ್ದು ಕೆಲವರಿಗೆ ಅಚ್ಚರಿಯೆನಿಸಬಹುದು. ಆದರೆ ಅಲ್ಲಮನು ಹುಡುಕುತ್ತಿದ್ದುದು ಒಬ್ಬ ಹೆಣ್ಣನ್ನು. ಆ ಹುಡುಕಾಟದ ಕಣ್ಣಿಗೆ ಮೊದಲು ಕಾಣುವ ರೂಪವೂ ಹಾಗೆಯೇ ಇರಬೇಕೆಂಬ ಕವಿಯ ವಿವೇಕ ಇದರಲ್ಲಿದೆ.

ಅಲ್ಲಮನು ಆ ಸ್ಥಳವನ್ನು ಅಗೆಸುತ್ತಾನೆ. ಅಗೆತ ಆಳಕ್ಕೆ ಹೋದಂತೆ ಕಮಲತೆ ಮರೆತುಹೋಗುತ್ತಾಳೆ. ಕೊನೆಗೆ ಗುಡಿಯ ಮುಚ್ಚಿದ ಬಾಗಿಲು ಕಾಣುತ್ತದೆ. ಆಗುವುದಾಗಲಿ ಎಂದು ಅವನು ಬಾಗಿಲನ್ನು ಒದ್ದು ತೆರೆದು ಒಳಗೆ ಹೋಗುತ್ತಾನೆ. ಒಳಗೆ ಒಬ್ಬ ಯೋಗಿ. ಅಂಗೈಯಲ್ಲಿ ಲಿಂಗ, ಅದರಲ್ಲಿಯೇ ನೆಟ್ಟ ದೃಷ್ಟಿ, ಹೊಳೆಯುವ ಜಟೆ, ಕೊರಳಲ್ಲಿ ರುದ್ರಾಕ್ಷಿ, ಕಿವಿಯಲ್ಲಿ ಸರ್ಪಕುಂಡಲ. ಹೆಸರು ಅನಿಮಿಷಯ್ಯ, ಎಂದರೆ ರೆಪ್ಪೆ ಬಡಿಯದವನು. ಅಲ್ಲಮನು ಬೆರಗಾಗಿ ನಿಂತಿರುವಾಗಲೇ ಅವನು ಲಿಂಗವನ್ನು ಅಲ್ಲಮನ ಕೈಗೆ ಕೊಡುತ್ತಾನೆ. ಕೈಯಿಂದ ಕೈಗೆ ಲಿಂಗ ದಾಟಿದೊಡನೆ ಅನಿಮಿಷಯ್ಯನ ಉಸಿರು ನಿಲ್ಲುತ್ತದೆ.

ಅಲ್ಲಿ ಉಪದೇಶವಿಲ್ಲ, ದೀರ್ಘವಾದ ಗುರುಶಿಷ್ಯ ಸಂವಾದವಿಲ್ಲ, ಪರೀಕ್ಷೆಯೂ ಇಲ್ಲ. ಅಲ್ಲಮನಿಗೆ ಅರಿವು ಮೂಡುವುದು ಆ ಒಂದು ಕೊಡುಗೆಯಲ್ಲಿ. ಹೆಂಡತಿಯ ಸಾವನ್ನು ತಾಳಲಾರದೆ ಓಡಿಬಂದವನು ಕೆಳಗೆ ಇಳಿದು ಎದುರುಗೊಂಡದ್ದು ಮತ್ತೊಂದು ಸಾವನ್ನು ಎಂಬುದನ್ನು ಗಮನಿಸಬೇಕು. ಮೊದಲನೆಯ ಸಾವು ಅವನಿಂದ ಎಲ್ಲವನ್ನೂ ಕಸಿದುಕೊಂಡಿತು. ಎರಡನೆಯದು ಅವನ ಕೈ ತುಂಬಿತು. ಗುಡಿಯಿಂದ ಹೊರಬಂದವನು ಮನೆಗೆ ಮರಳುವುದಿಲ್ಲ. ಮದ್ದಳೆಯನ್ನು ಮತ್ತೆ ಮುಟ್ಟುವುದಿಲ್ಲ.

ನಿಧಿಯ ಕಥೆಗಳೊಡನೆ ಹೋಲಿಕೆ

ನೆಲದಲ್ಲಿ ಹೊನ್ನು, ಅದನ್ನು ಕಾಯುವ ಸರ್ಪ, ತೆಗೆಯಲು ಹೋದವನಿಗೆ ಪ್ರಾಣಭಯ: ಇದು ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಮನೆಮನೆಯಲ್ಲಿ ಕೇಳಿಬರುವ ನಿಧಿಯ ಕಥೆಯ ಸ್ವರೂಪ. ನಿಧಿಯು ಬಲಿಯನ್ನು ಬೇಡುತ್ತದೆ ಎಂಬ ನಂಬಿಕೆ ಅದರ ಜೊತೆಗೇ ಇದೆ. ನಿಧಿಯ ಆಸೆಯಿಂದ ಹಳೆಯ ಗುಡಿಗಳ ಪೀಠಗಳನ್ನು ಕಿತ್ತು, ಲಿಂಗಗಳನ್ನು ಒಡೆದು, ಗರ್ಭಗೃಹಗಳನ್ನು ಅಗೆದು ಹಾಳುಮಾಡುವ ಕೃತ್ಯಗಳು ಕರ್ನಾಟಕದ ಅನೇಕ ಕಡೆ ನಡೆದಿವೆ, ನಡೆಯುತ್ತಲೂ ಇವೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದೆಯೇ ಬಂದಿದೆ.

ಹರಿಹರನ ಪ್ರಸಂಗದಲ್ಲಿ ನಿಧಿಯ ಕಥೆಯ ಸಾಮಗ್ರಿಯೆಲ್ಲ ಇದೆ. ಹೊನ್ನಿನ ಕಳಶವಿದೆ, ಅಗೆತವಿದೆ, ಮುಚ್ಚಿದ ಬಾಗಿಲಿದೆ, ಒಳಗೆ ಕಾವಲಿಗೆ ಕುಳಿತಂತಿರುವವನ ಕಿವಿಯಲ್ಲಿ ಸರ್ಪವೂ ಇದೆ. ಒಂದು ಪ್ರಾಣವೂ ಹೋಗುತ್ತದೆ. ಆದರೆ ದಿಕ್ಕು ಬದಲಾಗಿದೆ. ಕಳಶವು ಹೊನ್ನಿನದೆಂದು ಅಲ್ಲಮನಿಗೆ ತೋಚುವುದೇ ಇಲ್ಲ. ಅದು ಅವನಿಗೆ ಕೇವಲ ದಾರಿಯ ಗುರುತು. ಅಗೆದವನ ಪ್ರಾಣ ಹೋಗಬೇಕಾದಲ್ಲಿ ಕಾದಿದ್ದವನ ಪ್ರಾಣ ಹೋಗುತ್ತದೆ. ಅದು ಬಲಿಯಲ್ಲ, ಯಾರೂ ಅದನ್ನು ಕೇಳಲಿಲ್ಲ. ತಾನಾಗಿ ಕೊಟ್ಟದ್ದು. ಜನಪದರು ಬಲ್ಲ ಭಯದ ಕಥೆಯನ್ನೇ ತೆಗೆದುಕೊಂಡು, ಅದರ ಕೀಲನ್ನು ಮಾತ್ರ ತಿರುಗಿಸಿ ಹರಿಹರನು ಇದನ್ನು ಕಟ್ಟಿದ್ದಾನೆ ಎಂದು ಓದಿದರೆ ಪ್ರಸಂಗದ ಶಕ್ತಿ ಹೆಚ್ಚು ಸ್ಪಷ್ಟವಾಗುತ್ತದೆ.

ಚಾಮರಸ ಮತ್ತು ಶೂನ್ಯಸಂಪಾದನೆ

15ನೆಯ ಶತಮಾನದಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, ಚಾಮರಸನು 'ಪ್ರಭುಲಿಂಗಲೀಲೆ'ಯನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದನು. ಇಪ್ಪತ್ತೈದು ಗತಿಗಳ ಈ ಕಾವ್ಯದಲ್ಲಿ ಅಲ್ಲಮನು ಹೆಣ್ಣಿಗೆ ಸೋತ ಮನುಷ್ಯನಲ್ಲ. ಮೊದಲಿನಿಂದಲೂ ನಿರ್ಲಿಪ್ತನಾದ ಪರತತ್ತ್ವ. ಕಮಲತೆ ಇಲ್ಲಿ ಇಲ್ಲವೇ ಇಲ್ಲ. ಅವಳ ಸ್ಥಾನದಲ್ಲಿ ಮಾಯೆ ಬರುತ್ತಾಳೆ. ಶಿವನೊಡನೆ ವಾದಕ್ಕೆ ನಿಂತ ಪಾರ್ವತಿಯು ತನ್ನ ತಾಮಸಾಂಶವನ್ನು ಮಾಯೆಯಾಗಿ ಬನವಾಸಿಗೆ ಕಳುಹಿಸುತ್ತಾಳೆ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನು ಮದ್ದಳೆ ಬಾರಿಸುತ್ತಾನೆ, ಮಾಯೆ ಕುಣಿಯುತ್ತಾಳೆ, ಕೊನೆಗೆ ಸೋಲುತ್ತಾಳೆ. ಹೂತ ಗುಡಿಯ ಪ್ರಸಂಗವು ಆಮೇಲೆ ಬರುತ್ತದೆ. ಅದು ಗೊಗ್ಗಯ್ಯನೆಂಬ ತೋಟಿಗನ ತೋಟಕ್ಕೆ ಸೇರಿಕೊಂಡಿದೆ.

ಇಲ್ಲಿ ಕಥೆಯ ತತ್ತ್ವ ಗಟ್ಟಿಯಾಗಿದೆ, ಸಂಕಟ ತೆಳುವಾಗಿದೆ. ಕಳೆದುಕೊಳ್ಳಲು ಏನೂ ಇಲ್ಲದವನು ಗುಹೆಗೆ ಇಳಿದರೆ ಅಪಾಯವೆಲ್ಲಿ? ಚಾಮರಸನ ಅಲ್ಲಮನಿಗೆ ಇಳಿಯುವ ಮೊದಲೇ ಎಲ್ಲ ತಿಳಿದಿದೆ. ಹರಿಹರನ ಅಲ್ಲಮನಿಗೆ ಏನೂ ತಿಳಿದಿಲ್ಲ. ಭಕ್ತರ ಪರಂಪರೆಯು ಚಾಮರಸನ ಅಲ್ಲಮನನ್ನು ಹೆಚ್ಚಾಗಿ ಸ್ವೀಕರಿಸಿತು. ಕಾವ್ಯವು ತಮಿಳಿಗೂ ತೆಲುಗಿಗೂ ಹೋಯಿತು. ತಮಿಳಿನ ಶಿವಪ್ರಕಾಶ ಸ್ವಾಮಿಗಳ ಅನುವಾದ 17ನೆಯ ಶತಮಾನದ್ದು. ಆಧುನಿಕ ವಿಮರ್ಶಕರ ಒಲವು ಮಾತ್ರ ಬಹುಮಟ್ಟಿಗೆ ಹರಿಹರನ ಕಡೆಗೆ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ವಚನಾನುವಾದಗಳ ಸಂಕಲನದಲ್ಲಿ ಅಲ್ಲಮನನ್ನು ಪರಿಚಯಿಸುವಾಗ ಹರಿಹರನ ಕಥೆಯನ್ನು ಸಾಕಷ್ಟು ವಿವರವಾಗಿ ಹೇಳಿದ್ದಾರೆ. ಕನ್ನಡೇತರ ಓದುಗರಲ್ಲಿ ಅನೇಕರಿಗೆ ಅನಿಮಿಷಯ್ಯನ ಹೆಸರು ತಿಳಿದದ್ದು ಆ ಪುಸ್ತಕದಿಂದ.

ಶೂನ್ಯಸಂಪಾದನೆಗಳಲ್ಲಿ ಪ್ರಸಂಗವು ಸಂವಾದಕ್ಕೆ ನೆಪವಾಗುತ್ತದೆ. ಗೊಗ್ಗಯ್ಯನ ಕೃಷಿಯನ್ನು ಕಂಡ ಅಲ್ಲಮನು ದೇಹವನ್ನೇ ತೋಟವಾಗಿ ಭಾವಿಸಿ ಮಾಡುವ ಬೇರೊಂದು ಕೃಷಿಯ ಮಾತನ್ನಾಡುತ್ತಾನೆ. ಅಗೆಯಬೇಕಾದ ನೆಲವು ಹೊರಗಿನಿಂದ ಒಳಕ್ಕೆ ಸರಿಯುವುದು ಹೀಗೆ.

ಗುಹೇಶ್ವರ

ಅಲ್ಲಮನ ವಚನಗಳ ಅಂಕಿತ 'ಗುಹೇಶ್ವರ'; ಹಸ್ತಪ್ರತಿಗಳಲ್ಲಿ 'ಗೊಹೇಶ್ವರ' ಎಂಬ ರೂಪವೂ ಇದೆ. ಗುಹೆಯ ಒಡೆಯ ಎಂಬ ಅರ್ಥವನ್ನು ಹಿಡಿದು ಇದನ್ನು ಅನಿಮಿಷಯ್ಯನ ಗುಡಿಯೊಡನೆ ಜೋಡಿಸುವುದು ವಾಡಿಕೆ. ಹೃದಯವನ್ನು ಗುಹೆಯೆಂದು ಕರೆಯುವ ಉಪನಿಷತ್ತಿನ ಬಳಕೆಯೂ ಅದರ ಹಿಂದಿರಬಹುದು. ಡಿ. ಆರ್. ನಾಗರಾಜರ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ' (1999) ಅಲ್ಲಮನನ್ನು ಶೈವ ಪಂಥಗಳ ವಿಶಾಲವಾದ ಹಿನ್ನೆಲೆಯಲ್ಲಿ ಇಟ್ಟು ನೋಡುತ್ತದೆ. ಗುಹೆಯ ಯೋಗಿ, ಕಾಳಾಮುಖರ ಮಠ, ಸರ್ಪಕುಂಡಲಗಳನ್ನು ಕುರಿತು ಯೋಚಿಸುವವರಿಗೆ ಅದು ಉಪಯುಕ್ತ ಗ್ರಂಥ.

ಗುಹೆಯೇ ಗರ್ಭಗುಡಿಯಾಗುವುದು ಈ ಸೀಮೆಗೆ ಅಪರಿಚಿತವಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಸನ್ನಿಧಿಯು ಬೆಟ್ಟದ ಬಂಡೆಯ ಸಹಜ ಗುಹೆಯೊಳಗಿದೆ. ಮುಂಭಾಗಕ್ಕೆ ಮಾತ್ರ ಮಂಟಪ ಕಟ್ಟಲಾಗಿದೆ. ತಾಯಿಯನ್ನು ಕೊಲ್ಲಲು ಬಂದ ಪರಶುರಾಮನಿಂದ ತಪ್ಪಿಸಿಕೊಂಡು ರೇಣುಕೆ ಆ ಗುಹೆಯನ್ನು ಹೊಕ್ಕಳೆಂಬುದು ಸ್ಥಳೀಯ ಐತಿಹ್ಯ.

ಈ ಸೀಮೆಯ ಇತರ ತರುಣ ಪಯಣಿಗರು

ಬಳ್ಳಿಗಾವಿಯ ಸುತ್ತಲಿನ ಕೆಲವೇ ಹರದಾರಿಗಳೊಳಗೆ, ಪ್ರಾಣದ ಹಂಗು ತೊರೆದು ಮನೆ ಬಿಟ್ಟು ಹೊರಟ ಇನ್ನಿಬ್ಬರು ತರುಣರ ಕಥೆಗಳು ಹುಟ್ಟಿವೆ.

ಮೊದಲನೆಯದು ಕಲ್ಲಿನ ಮೇಲೆಯೇ ಇದೆ. ಬಳ್ಳಿಗಾವಿಗೆ ಹತ್ತಿರದ ತಾಳಗುಂದದ ಸ್ತಂಭಶಾಸನವನ್ನು ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದನು. ಅದರಂತೆ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದನು. ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಜಗಳವಾಯಿತು. ದರ್ಭೆ ಹಿಡಿದ ಕೈಯಲ್ಲಿ ಅವನು ಕತ್ತಿ ಹಿಡಿದನು, ಶ್ರೀಪರ್ವತದ ಬಾಗಿಲವರೆಗಿನ ದುರ್ಗಮವಾದ ಕಾಡನ್ನು ಸೇರಿದನು. ಕದಂಬ ರಾಜ್ಯದ ಆರಂಭ ಅದು.

ಎರಡನೆಯದು ಉಡುತಡಿಯ ಮಹಾದೇವಿಯ ಕಥೆ. ಹರಿಹರನೇ ಅವಳ ಮೇಲೆಯೂ ರಗಳೆ ಬರೆದಿದ್ದಾನೆ. ಕೌಶಿಕನ ಅರಮನೆಯನ್ನು ತೊರೆದು ಒಂಟಿಯಾಗಿ ಹೊರಟ ಅವಳ ದಾರಿಯೂ ಮುಗಿಯುವುದು ಶ್ರೀಶೈಲದಲ್ಲಿ. ಅಲ್ಲಮನ ಕೊನೆಯನ್ನೂ ಪರಂಪರೆಯು ಅಲ್ಲಿಯ ಕದಳಿವನದಲ್ಲಿಯೇ ಕಾಣುತ್ತದೆ. ಶ್ರೀಪರ್ವತವೆಂದರೆ ಶ್ರೀಶೈಲ ಎಂಬ ಸಾಮಾನ್ಯ ಅಭಿಪ್ರಾಯವನ್ನು ಒಪ್ಪಿದರೆ, ಒಂದೇ ತಾಲ್ಲೂಕಿನ ಮೂವರು ತರುಣರ ದಾರಿ, ಎಂಟು ಶತಮಾನಗಳ ಅಂತರದಲ್ಲಿ, ಒಂದೇ ಕಾಡಿನ ಕಡೆಗೆ ಸಾಗುತ್ತದೆ. ಒಬ್ಬನಿಗೆ ಅಲ್ಲಿ ರಾಜ್ಯ ಸಿಕ್ಕಿತು. ಉಳಿದಿಬ್ಬರು ಹಿಂದಿರುಗಲಿಲ್ಲ.

ಇಳಿಯುವ ಕಥೆಗಳು

ಮಹಾಭಾರತದ ಆದಿಪರ್ವದಲ್ಲಿ ಉತ್ತಂಕನೆಂಬ ಶಿಷ್ಯನು ಗುರುಪತ್ನಿಗಾಗಿ ಕುಂಡಲಗಳನ್ನು ತರುವಾಗ ತಕ್ಷಕನು ಅವನ್ನು ಕದ್ದು ಬಿಲದೊಳಗೆ ನುಸುಳುತ್ತಾನೆ. ಉತ್ತಂಕನು ಕೋಲಿನಿಂದ ನೆಲವನ್ನು ಅಗೆಯತೊಡಗುತ್ತಾನೆ, ಇಂದ್ರನ ವಜ್ರಾಯುಧದ ನೆರವಿನಿಂದ ನಾಗಲೋಕಕ್ಕೆ ಇಳಿಯುತ್ತಾನೆ. ಕರಿಯ ಮತ್ತು ಬಿಳಿಯ ನೂಲುಗಳನ್ನು ನೇಯುವ ಇಬ್ಬರು ಹೆಂಗಸರು, ಚಕ್ರ ತಿರುಗಿಸುವ ಆರು ಬಾಲಕರು ಅವನಿಗೆ ಅಲ್ಲಿ ಕಾಣುತ್ತಾರೆ. ಅವನು ಕುಂಡಲಗಳೊಡನೆ ಹೊತ್ತಿಗೆ ಸರಿಯಾಗಿ ಮರಳುತ್ತಾನೆ. ಆದರೆ ತಕ್ಷಕನ ಮೇಲಿನ ಹಗೆಯನ್ನೂ ಹೊತ್ತು ತರುತ್ತಾನೆ. ಆ ಹಗೆಯೇ ಮುಂದೆ ಜನಮೇಜಯನನ್ನು ಸರ್ಪಯಾಗಕ್ಕೆ ಪ್ರೇರಿಸುತ್ತದೆ. ಕಠೋಪನಿಷತ್ತಿನ ನಚಿಕೇತನಾದರೋ ಇನ್ನೂ ಬಾಲಕ. ತಂದೆಯ ಸಿಟ್ಟಿನ ಮಾತಿನಿಂದ ಯಮನ ಮನೆಗೆ ಹೋಗಿ, ಮೂರು ರಾತ್ರಿ ಉಪವಾಸ ಕಾದು, ಮೂರು ವರಗಳನ್ನು ಪಡೆಯುತ್ತಾನೆ. ಅವನು ಕೇಳಿದ ಮೊದಲ ವರ, ತಾನು ಮರಳಿದಾಗ ತಂದೆ ತನ್ನನ್ನು ಗುರುತಿಸಿ ಪ್ರೀತಿಯಿಂದ ಮಾತನಾಡಿಸಲಿ ಎಂಬುದು. ಆಳಕ್ಕೆ ಹೋದವನಿಗೆ ಮರಳಿ ಬರುವುದೇ ಕಷ್ಟವೆಂಬುದನ್ನು ಆ ಬಾಲಕ ಬಲ್ಲ.

ಮೇಡ್ ಇನ್ ಅಬಿಸ್

ಇದೇ ಕಥಾಬಂಧದ ಇತ್ತೀಚಿನ ಪ್ರಸಿದ್ಧ ರೂಪ 'ಮೇಡ್ ಇನ್ ಅಬಿಸ್' ಎಂಬ ಜಪಾನೀ ಕೃತಿ. ಅಕಿಹಿಟೊ ತ್ಸುಕುಶಿ ಅವರು 2012ರಲ್ಲಿ ಮಾಂಗಾ, ಅಂದರೆ ಚಿತ್ರಕಥೆಯಾಗಿ, ಆರಂಭಿಸಿದ ಇದನ್ನು ಕಿನೆಮಾ ಸಿಟ್ರಸ್ ಸಂಸ್ಥೆಯು ಅನಿಮೆ ಸರಣಿಯಾಗಿ ನಿರ್ಮಿಸಿತು. ಮಸಾಯುಕಿ ಕೊಜಿಮಾ ನಿರ್ದೇಶಿಸಿದ 13 ಕಂತುಗಳ ಮೊದಲ ಸರಣಿ 2017ರಲ್ಲಿ ಪ್ರಸಾರವಾಯಿತು. 2020ರಲ್ಲಿ ಚಲನಚಿತ್ರವೂ 2022ರಲ್ಲಿ ಎರಡನೆಯ ಸರಣಿಯೂ ಬಂದವು. ಕೆವಿನ್ ಪೆಂಕಿನ್ ಅವರ ಸಂಗೀತ ವಿಶೇಷ ಮೆಚ್ಚುಗೆ ಪಡೆಯಿತು. ಹರಿಹರನ ರಗಳೆಗೂ ಇದಕ್ಕೂ ಕೊಡುಕೊಳೆಯ ಸಂಬಂಧವೇನೂ ಇಲ್ಲ. ಆದರೂ ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಒಂದು ಮತ್ತೊಂದನ್ನು ಬೆಳಗಿಸುತ್ತದೆ. ಈ ಸರಣಿಗಳನ್ನು ನೋಡುತ್ತ ಬೆಳೆದ ಇಂದಿನ ವಿದ್ಯಾರ್ಥಿಗಳಿಗೆ ರಗಳೆಯ ಪ್ರಸಂಗವನ್ನು ತಲುಪಲು ಇದೊಂದು ದಾರಿಯೂ ಆಗಬಹುದು.

ಕಥೆಯ ಕೇಂದ್ರದಲ್ಲಿ ಸುಮಾರು 1000 ಮೀಟರ್ ಅಗಲದ, 20,000 ಮೀಟರುಗಳಷ್ಟು ಆಳಕ್ಕೆ ಇಳಿಯುವ ಒಂದು ಪಾತಾಳಕೂಪವಿದೆ. ಅದರ ಬಾಯಿಯ ಸುತ್ತ ಓರ್ತ್ ಎಂಬ ಪಟ್ಟಣ. ಅಲ್ಲಿಯ ಅನಾಥ ಮಕ್ಕಳು ಕೂಪದ ಮೇಲುಸ್ತರದಿಂದ ಪುರಾತನ ವಸ್ತುಗಳನ್ನು ಹೆಕ್ಕಿ ತರುವ ಕೆಲಸಕ್ಕೆ ತರಬೇತಾಗುತ್ತಾರೆ. ಅನ್ವೇಷಕರ ದರ್ಜೆಯನ್ನು ಕೊರಳಿನ ಸೀಟಿಯ ಬಣ್ಣ ತಿಳಿಸುತ್ತದೆ. ಕೆಂಪು ಕೆಳಗಿನದು, ಬಿಳಿ ಎಲ್ಲಕ್ಕಿಂತ ಮೇಲಿನದು. ಹನ್ನೆರಡು ವರ್ಷದ ರಿಕೊ ಎಂಬ ಹುಡುಗಿಯ ತಾಯಿ ಲೈಜಾ ಬಿಳಿ ಸೀಟಿಯವಳು. ಆಳದಿಂದ ಲೈಜಾಳ ಸೀಟಿಯೂ ಒಂದು ಚೀಟಿಯೂ ಮೇಲೆ ಬಂದಾಗ, ರಿಕೊ ಯಂತ್ರಶರೀರದ ಬಾಲಕ ರೆಗ್‌ನೊಡನೆ ಗುಟ್ಟಾಗಿ ಕೆಳಗೆ ಇಳಿಯುತ್ತಾಳೆ.

ಈ ಕೂಪದ ನಿಯಮ ವಿಚಿತ್ರ. ಇಳಿಯುವಾಗ ಶಾಪ ತಟ್ಟುವುದಿಲ್ಲ; ಏರುವಾಗ ತಟ್ಟುತ್ತದೆ. ಮೊದಲ ಸ್ತರದಿಂದ ಏರಿದವರಿಗೆ ತಲೆಸುತ್ತು, ವಾಕರಿಕೆ. ನಾಲ್ಕನೆಯದರಿಂದ ಏರಿದರೆ ತೀವ್ರವಾದ ನೋವು, ಮೈಯ ರಂಧ್ರಗಳಿಂದ ರಕ್ತಸ್ರಾವ. ಆರನೆಯದರಿಂದ ಏರಿದವರು ಮನುಷ್ಯತ್ವವನ್ನು ಕಳೆದುಕೊಳ್ಳುತ್ತಾರೆ ಅಥವಾ ಸಾಯುತ್ತಾರೆ. ಆದ್ದರಿಂದ ಬಹಳ ಆಳಕ್ಕೆ ಇಳಿದವರು ಮರಳುವ ಆಸೆಯನ್ನು ಬಿಟ್ಟೇ ಇಳಿಯಬೇಕು. ಗೆಳೆಯರಿಗೆ ವಿದಾಯ ಹೇಳುವ ರಿಕೊಗೆ ಇದು ತಿಳಿದಿದೆ. ಮಕ್ಕಳ ಚಿತ್ರದಂತೆ ದುಂಡುಮುಖ, ದೊಡ್ಡ ಕಣ್ಣುಗಳ ಪಾತ್ರಗಳಿದ್ದರೂ ಇದು ಮಕ್ಕಳಿಗಾಗಿ ಮಾಡಿದ್ದಲ್ಲ. ಎಳೆಯರ ದೇಹಗಳು ಅನುಭವಿಸುವ ಯಾತನೆಯನ್ನು ಇಷ್ಟು ಹತ್ತಿರದಿಂದ ತೋರಿಸಬೇಕಿತ್ತೆ ಎಂಬ ಆಕ್ಷೇಪಕ್ಕೆ ಹುರುಳಿದೆ. 2020ರ ಚಿತ್ರಕ್ಕೆ ಜಪಾನಿನಲ್ಲಿ ಹದಿನೈದು ವರ್ಷಕ್ಕಿಂತ ಕಿರಿಯರಿಗೆ ಪ್ರವೇಶವಿಲ್ಲದ ದರ್ಜೆ ದೊರೆಯಿತು.

ಆ ಯಾತನೆಯು ಕೇವಲ ಬೆದರಿಸಲಿಕ್ಕಲ್ಲ ಎಂಬುದಕ್ಕೆ ಅದೇ ಚಿತ್ರದ ಕಥೆ ಸಾಕ್ಷಿ. ಬೊಂಡ್ರೂಡ್ ಎಂಬ ಬಿಳಿ ಸೀಟಿಯ ಸಂಶೋಧಕನು ಆಳದಲ್ಲಿ ಅನಾಥ ಮಕ್ಕಳನ್ನು ಪ್ರಯೋಗಗಳಿಗೆ ಬಳಸುತ್ತಾನೆ; ತಾನು ಏರುವಾಗ ತಟ್ಟಬೇಕಾದ ಶಾಪವನ್ನು ಅವರ ಮೇಲೆ ಹೊರಿಸುತ್ತಾನೆ. ಮಿಟ್ಟಿ ಎಂಬ ಹುಡುಗಿ ರೂಪಗೆಟ್ಟದ್ದೂ, ಅವಳ ಜೊತೆಗಿದ್ದ ನಾನಾಚಿ ಅರೆಪ್ರಾಣಿಯ ರೂಪದಲ್ಲಿ ಉಳಿದದ್ದೂ ಹಾಗೆ. ಬಿಳಿ ಸೀಟಿಯ ಗುಟ್ಟು ಬಯಲಾಗುವುದು ಇಲ್ಲಿಯೇ. ಅದು ಕಲ್ಲಿನಿಂದ ಮಾಡಿದ ಸೀಟಿ. ಆ ಕಲ್ಲು ಒಬ್ಬ ಮನುಷ್ಯ ಮತ್ತೊಬ್ಬರಿಗಾಗಿ ತಾನಾಗಿ ಅರ್ಪಿಸಿಕೊಂಡ ಜೀವದಿಂದ ಆದದ್ದು. ಬಲವಂತದಿಂದ ಅದನ್ನು ಪಡೆಯಲಾಗದು. ಬೊಂಡ್ರೂಡ್ ಸಾಕಿದ ಪ್ರುಶ್ಕಾ ಎಂಬ ಬಾಲಕಿಗೆ ರಿಕೊಳೊಡನೆ ಪಯಣಿಸುವ ಆಸೆ ಇರುತ್ತದೆ. ಅವಳು ಉಳಿಯುವುದಿಲ್ಲ. ಕೊನೆಗೆ ರಿಕೊಳ ಕೈಗೆ ಬಂದ ಬಿಳಿ ಸೀಟಿ ಪ್ರುಶ್ಕಾಳೇ.

ಒಂದೇ ಗುಂಡಿಯಲ್ಲಿ ನಿಧಿಯ ಕಥೆಯೂ ಅನಿಮಿಷಯ್ಯನ ಕಥೆಯೂ ಎದುರುಬದುರು ನಿಂತಂತೆ ಇದು ಕಾಣುತ್ತದೆ. ಪರರ ಪ್ರಾಣವನ್ನು ಬಲಿಕೊಟ್ಟು ಮುಂದೆ ಹೋಗುವವನು ಬೊಂಡ್ರೂಡ್. ಕೈಯಲ್ಲಿಟ್ಟು ಇಲ್ಲವಾಗುವವಳು ಪ್ರುಶ್ಕಾ. ಪಡೆದವಳ ಪಾಡು ಎರಡರ ನಡುವಿನದು: ಆ ವಸ್ತುವನ್ನು ಎಸೆಯುವಂತಿಲ್ಲ, ಸುಮ್ಮನೆ ಇಟ್ಟುಕೊಳ್ಳುವಂತೆಯೂ ಇಲ್ಲ, ಅದನ್ನು ಹಿಡಿದು ಮುಂದಕ್ಕೆ ಹೋಗಬೇಕು. ವ್ಯತ್ಯಾಸವೂ ಅಷ್ಟೇ ದೊಡ್ಡದು. ರಿಕೊ ಗೆಳತಿಗಾಗಿ ಅಳುತ್ತಾಳೆ. ಹರಿಹರನು ಅಲ್ಲಮನ ಅಳುವನ್ನು ಗುಡಿಯ ಹೊರಗೆ, ಕಮಲತೆಗಾಗಿ, ಮುಗಿಸಿಬಿಟ್ಟಿದ್ದಾನೆ; ಅನಿಮಿಷಯ್ಯನ ಸಾವಿಗೆ ಅಲ್ಲಿ ಕಣ್ಣೀರಿಲ್ಲ.

ರಂಗ ಮತ್ತು ಚಲನಚಿತ್ರ

ಅಲ್ಲಮನ ಬದುಕನ್ನು ಆಧರಿಸಿದ ಕನ್ನಡ ಚಲನಚಿತ್ರ 'ಅಲ್ಲಮ' ತೆರೆಕಂಡದ್ದೂ 2017ರಲ್ಲಿಯೇ. ಟಿ. ಎಸ್. ನಾಗಾಭರಣ ನಿರ್ದೇಶಿಸಿದ ಈ ಚಿತ್ರದಲ್ಲಿ ಧನಂಜಯ ಅಲ್ಲಮನ ಪಾತ್ರ ವಹಿಸಿದ್ದಾರೆ. ಬಾಪು ಪದ್ಮನಾಭ ಅವರ ಹಿನ್ನೆಲೆ ಸಂಗೀತಕ್ಕೂ ಚಿತ್ರದ ಪ್ರಸಾಧನಕ್ಕೂ 64ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ದೊರೆತವು. ರಂಗಭೂಮಿಯಲ್ಲಿ ಮಾಯೆ ಮತ್ತು ಅಲ್ಲಮರ ನೃತ್ಯವಾದ್ಯಗಳ ಸ್ಪರ್ಧೆಗೆ ಸಿಗುವ ಅವಕಾಶವು ಹೂತ ಗುಡಿಯ ಪ್ರಸಂಗಕ್ಕೆ ಸಿಗುವುದು ಕಡಿಮೆ. ಅದರಲ್ಲಿ ಮಾತಿಲ್ಲ, ಎದುರಾಳಿಯಿಲ್ಲ. ಒಬ್ಬ ಕುಳಿತಿದ್ದಾನೆ, ಇನ್ನೊಬ್ಬ ನಿಂತಿದ್ದಾನೆ, ನಡುವೆ ಎರಡು ಕೈಗಳಿವೆ.